ಕಿವಿಯ ಪಕ್ಕ ಹಾದುಹೋದ ಚಕ್ರಗಳು

ಹುಡುಗಿಯ ಸ್ಕೇಟಿಂಗ್ ಬೂಟಿನ ಚಕ್ರಗಳು ನನ್ನ ಬಲಗಿವಿಯನ್ನು ಸವರುವಷ್ಟು ಹತ್ತಿರ ಹಾದುಹೋದವು. ಅವಳನ್ನು ಭುಜದೆತ್ತರಕ್ಕೆ ಎತ್ತಿಕೊಂಡು ಹಿಮ್ಮುಖವಾಗಿ ಜಾರಿ ಬರುತ್ತಿದ್ದ ಅವಳ ಅಣ್ಣ ಕೊನೆಯ ಕ್ಷಣದಲ್ಲಿ ನನ್ನನ್ನು ಕಂಡು ಗಿರ್ರನೆ ತಿರುಗಿದ್ದ. ನಾನು ನಿಂತಲ್ಲೇ ನಿಂತುಬಿಟ್ಟಿದ್ದೆ.

ತೊಂಬತ್ತೆಂಟರ ಆಷಾಢ. ಮದುವೆಗಳಿಲ್ಲದ ಆ ತಿಂಗಳು ಲಕ್ಷ್ಮೀಪುರಂನ ಆ ಕಲ್ಯಾಣ ಮಂಟಪದ ನುಣುಪು ನೆಲವನ್ನು ಈ ಅಣ್ಣ ತಂಗಿಯ ಜೋಡಿ ನೃತ್ಯದ ಅಭ್ಯಾಸಕ್ಕೆ ಬಿಟ್ಟುಕೊಟ್ಟಿದ್ದರಂತೆ. ನನ್ನ ತಂಗಿಯ ಮದುವೆಗೆ ಮಂಟಪ ನೋಡಲು ಹೋದ ನಾನು, ಚಪ್ಪಲಿ ಹೊರಗೆ ಬಿಟ್ಟು, ಒಳಗಿನ ಗರಗರ ಸದ್ದು ಕೇಳಿ ಯಾರೋ ಬೆಂಚು ಎಳೆಯುತ್ತಿದ್ದಾರೆ ಎಂದುಕೊಂಡು, ತಲೆಯೆತ್ತಿ ಫ್ಯಾನುಗಳನ್ನು ಎಣಿಸುತ್ತಾ ಸದ್ದಿಲ್ಲದೆ ನಡುವಿಗೆ ನಡೆದಿದ್ದೆ.

ನಾನು ಕ್ಷಮೆ ಕೇಳುವ ಮೊದಲೇ ಹುಡುಗಿ, “ಅಣ್ಣ, ತಿರುವು ಬಂದ್ಬುಡ್ತು ಕಣೋ” ಎಂದಳು. ಮೂರು ವಾರದಿಂದ ಪ್ರಯತ್ನಿಸಿದರೂ ಬಾರದ ತಿರುವಂತೆ. ಭಾನುವಾರ ರಾಜ್ಯಮಟ್ಟದ ಕಿರಿಯರ ಸ್ಪರ್ಧೆ. ಈ ಸಲವೂ ಪದಕ ಬಾರದಿದ್ದರೆ ಸ್ಕೇಟ್ಸ್ ಅಟ್ಟಕ್ಕೇರಿಸಿ ಎಸ್ಸೆಸ್ಸೆಲ್ಸಿಗೆ ಓದು ಎಂದು ಅಪ್ಪ ಹೇಳಿದ್ದರಂತೆ.

“ಸಾರ್, ಇನ್ನೊಂದ್ಸಲ ಅಲ್ಲೇ ನಿಂತ್ಕೋತೀರಾ? ನೀವಿದ್ರೆ ಇವ್ನು ಭಯಕ್ಕಾದ್ರೂ ಸರಿಯಾಗಿ ತಿರುಗ್ತಾನೆ” ಎಂದಳು.

“ಅಲ್ಲಾಡ್ಬೇಡಿ ಸಾರ್, ಅಷ್ಟೇ” ಎಂದ ಅಣ್ಣ.

ಕಣ್ಣು ಮುಚ್ಚಿಕೊಂಡು ಇನ್ನೂ ಆರು ಸಲ ನಿಂತೆ.

ಶ್ರಾವಣದಲ್ಲಿ ಅಲ್ಲೇ ನನ್ನ ತಂಗಿಯ ಮದುವೆಯಾಯಿತು. ಆ ಸ್ಕೇಟಿಂಗ್ ಅಣ್ಣ ತಂಗಿ ಇಬ್ಬರೂ ಬೆಳ್ಳಿ ಪದಕವನ್ನು ಕೊರಳಲ್ಲಿ ಹಾಕಿಕೊಂಡೇ ಊಟಕ್ಕೆ ಬಂದಿದ್ದರು. ನಾನು ಮಾತ್ರ ಅಂದು ಅಕ್ಷತೆ ಹಂಚುವಾಗಲೂ ನಡುವಿಗೆ ಹೋಗದೆ ಗೋಡೆಯ ಅಂಚಿನಲ್ಲೇ ಓಡಾಡಿದೆ.