ಬಿಚ್ಚದೆ ಉಳಿದ ಮಡಿಕೆಗಳು

ಮೊನ್ನೆ ಮಗಳ ಲಂಗದ ಮಡಿಕೆ ಬಿಚ್ಚುತ್ತಿದ್ದೆ. ಹೊಲಿಗೆ ಕಿತ್ತ ಜಾಗದಲ್ಲಿ ಬಟ್ಟೆಯ ಬಣ್ಣ ಇನ್ನೂ ಹೊಸದರ ಹಾಗೇ ಇತ್ತು. ನಮ್ಮೂರು ಹೊಂಗನೂರಿನ ಪಕ್ಕದ ಮನೆ ಅಕ್ಕ ನೆನಪಾದಳು...

ನಮ್ಮ ಕಡೆ ಹೆಣ್ಣುಮಕ್ಕಳ ಲಂಗಕ್ಕೆ ಎರಡು ಮೂರು ಮಡಿಕೆ ಹಿಡಿದೇ ಹೊಲಿಸುತ್ತಿದ್ದರು, ಬೆಳೆದ ಹಾಗೆ ಬಿಚ್ಚೋಣ ಅಂತ. ಅಕ್ಕನ ಲಂಗ ಸವೆದು ಹರಿದರೂ ಮಡಿಕೆ ಹಾಗೇ ಇರುತ್ತಿತ್ತು. ನನಗಿಂತ ಮೂರು ವರ್ಷ ದೊಡ್ಡವಳು. ನಾನು ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ ಅವಳನ್ನು ಮೀರಿ ಬೆಳೆದಿದ್ದೆ.

"ನಿಮ್ ಕಾನ್ವೆಂಟಲ್ಲಿ ಗೊಬ್ಬರ ಹಾಕ್ತಾರೇನಮ್ಮಿ?" ಎಂದು ನಗುತ್ತಿದ್ದಳು. ನಗುವಾಗಲೂ ಒಂದು ಕೈ ಹೊಟ್ಟೆಯ ಮೇಲೇ ಇರುತ್ತಿತ್ತು.

ಹೊಟ್ಟೆನೋವು, ಭೇದಿ, ಒಮ್ಮೊಮ್ಮೆ ರಕ್ತ. "ಉಷ್ಣ ಕಣವ್ವ, ಎಳ್ನೀರು ಕುಡುದ್ರೆ ಸರೋಯ್ತದೆ" ಅನ್ನುತ್ತಿದ್ದರು ಅವರಮ್ಮ. ವರ್ಷಗಟ್ಟಲೆ ಎಳನೀರು, ಮಜ್ಜಿಗೆ, ಮೆಂತ್ಯವೇ ಔಷಧಿ. ಹತ್ತನೇ ಕ್ಲಾಸಿನಲ್ಲಿ ತಲೆ ಸುತ್ತಿ ಬಿದ್ದ ಮೇಲೆ ಬೆಂಗಳೂರಿನ ಡಾಕ್ಟರು ಹೇಳಿದರು, ಇದು ಕರುಳಿನ ಉರಿಯೂತ, ಚಿಕ್ಕಂದಿನಿಂದಲೂ ಇದೆ, ತಿಂದದ್ದು ಮೈಗೆ ಹತ್ತಿಲ್ಲ, ಬೆಳವಣಿಗೆ ಅದಕ್ಕೇ ನಿಂತಿದೆ ಅಂತ.

ಮಾತ್ರೆ ಹಿಡಿಸಿತು. ಕೆನ್ನೆ ತುಂಬಿಕೊಂಡಿತು. ದೊಡ್ಡವಳಾದದ್ದೂ ಆಗಲೇ. ಅವರಮ್ಮ ಹೊಸ ಲಂಗಕ್ಕೆ ಮೂರು ಮಡಿಕೆ ಹಿಡಿಸಿದರು. "ನಿನ್ನಷ್ಟುದ್ದ ಆಯ್ತೀನಿ, ನೋಡ್ತಿರು" ಅಂದಿದ್ದಳು. ವರ್ಷದೊಳಗೆ ಒಂದು ಮಡಿಕೆ ಬಿಚ್ಚಿದರು. ಅದನ್ನು ತೋರಿಸೋಕೆ ಓಡಿ ಬಂದದ್ದು ಈಗಲೂ ಕಣ್ಣಿಗೆ ಕಟ್ಟಿದೆ... ಆಮೇಲೆ ಬಿಚ್ಚಲಿಲ್ಲ. ಮಣಿಕಟ್ಟಿನ ಎಕ್ಸ್‌ರೇ ತೆಗೆದು, ಮೂಳೆ ಕೂಡಿಕೊಂಡಿವೆ, ಇನ್ನು ಬೆಳೆಯೋದಿಲ್ಲ ಅಂದರಂತೆ.

ಅವತ್ತು ಸಂಜೆ ಅವಳು ಹಣ್ಣಾದ ರೇಷ್ಮೆ ಹುಳಗಳನ್ನು ಆಯ್ದು, ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಆಯತೊಡಗಿದೆ. ಅವಳೇ ಅಂದಳು: "ಹಣ್ಣಾದ ಹುಳುಕ್ಕೆ ಸೊಪ್ಪು ಹಾಕುದ್ರೆ ತಿಂತದಾ? ಸಣ್ಣದಾದ್ರೂ ಗೂಡು ಕಟ್ಟೇ ಕಟ್ತದೆ ಕಣಮ್ಮಿ." ಹೇಳಿ, ಇನ್ನೊಂದು ಹುಳ ಆಯ್ದು ಚಂದ್ರಿಕೆಗೆ ಬಿಟ್ಟಳು.

ಆಮೇಲೆ ಬಿಡದಿ ಕಡೆ ಗಾರ್ಮೆಂಟ್ಸ್‌ಗೆ ಸೇರಿದಳು. ವರ್ಷಗಳು ಕಳೆದು ನನಗೆ ಮಗಳಾದ ಮೇಲೆ, ರಜಾ ದಿನ ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ನನ್ನ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು, "ಹೊಟ್ಟೆ ನೋಯ್ತದಾ? ನಾಚ್ಕೋಬೇಡ, ಯೋಳು" ಅಂತ ಕೇಳುತ್ತಿದ್ದಳು. ಮಗಳು ಅವಳನ್ನು ದಾಟಿ ಬೆಳೆದ ದಿನ ಅವಳೇ ಚೌಚೌ ತಂದು ಎಲ್ಲರಿಗೂ ಹಂಚಿದಳು.

ಹೋದ ವರ್ಷ ಅದೇ ಕಾಯಿಲೆ ಮತ್ತೆ ಕೆರಳಿ ಅವಳನ್ನು ಕರೆದುಕೊಂಡು ಹೋಯಿತು. ಹಾಗೆ ನಿಲ್ಲಿಸಿ ಕೇಳುವವರು ನಮ್ಮ ಮನೆಗೆ ಈಗ ಯಾರೂ ಬರುವುದಿಲ್ಲ. ನಾನೇ ಕೇಳುತ್ತೇನೆ.