ಆಯುಧಪೂಜೆಯ ದಿನ ಬಚ್ಚಿಟ್ಟ ಕೈ

"ನಿನ್ ಕೈ ಕೊಡ್ಲಾ ಇಲ್ಲಿ," ಎಂದ ಅಪ್ಪ, ಕುಂಕುಮದ ಬಟ್ಟಲು ಹಿಡಿದು.

ಅಂದು ಮಿರ್ಲೆಯ ನಮ್ಮ ಮನೆಯಲ್ಲಿ ಆಯುಧಪೂಜೆ. ನೇಗಿಲು, ಕುಡುಗೋಲುಗಳ ಸಾಲಿನಲ್ಲಿ ಅವ್ವ ನನ್ನ ಲೈಸೆನ್ಸನ್ನೂ ಹೆಮ್ಮೆಯಿಂದ ಇಟ್ಟಿದ್ದಳು. ಹಡಗಿನ ಅಧಿಕಾರಿಯಾಗಲು ಪರೀಕ್ಷೆ ಕಟ್ಟಿ ಪಡೆದದ್ದು ಅದು. ಆದರೆ ಬಿಳಿಯರ ಹಡಗಿನಲ್ಲಿ ನಮ್ಮಂಥವರಿಗೆ ಆ ಹುದ್ದೆ ಯಾರು ಕೊಟ್ಟಾರು? ನಾನು ಖಲಾಸಿಯಾಗಿ ಹಡಗಿನ ತುಕ್ಕು ಕೆರೆಯುತ್ತಿದ್ದೆ. ಮನೆಯಲ್ಲಿ ಹೇಳಿರಲಿಲ್ಲ.

ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಅಪ್ಪ ಬಲಗೈ ಎಳೆದುಕೊಂಡು ಅಂಗೈಯ ಜಡ್ಡುಗಳನ್ನು ಸವರಿ ನೋಡಿದ.

"ನೀ ದುಡಿಯಾದು ಇದ್ರಲ್ಲಿ ಕಣ್ಲಾ. ಆ ಕಾಗ್ದ ಅಂಗೇ ಇರ್ಲಿ ಬುಡು," ಎಂದು ಅಂಗೈಗೇ ಕುಂಕುಮವಿಟ್ಟ.

ಆ ಜಡ್ಡುಗಳು ಎಂದೋ ಮಾಯವಾದವು. ಆದರೆ ಜೀವನವಿಡೀ ನೇಗಿಲು ಹಿಡಿದವನಿಂದ ಕೈ ಬಚ್ಚಿಟ್ಟುಕೊಂಡೆನಲ್ಲ, ಆ ನಾಚಿಕೆ ಇನ್ನೂ ಹೋಗಿಲ್ಲ.