ಮೇಡಂ ಮಂಚ ಹತ್ತಿದ ದಿನ

ಹರಿಹರದಲ್ಲಿ ನಮ್ಮ ಅಬ್ಬಾ ಗಾದಿ ಹೊಲಿಯುತ್ತಾರೆ. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ರೋಗಿಗಳ, ವಯಸ್ಸಾದವರ ಆರೈಕೆ ಕಲಿಸುವ ಕೋರ್ಸಿಗೆ ಸೇರುತ್ತೇನೆಂದಾಗ ಸೂಜಿ ಕೆಳಗಿಟ್ಟು ನಕ್ಕರು.

“ನಾನು ಗಾದಿ ಹೊಲಿತೀನಿ, ನೀನು ಅದರ ಮ್ಯಾಲೆ ಚಾದರ ಹಾಸೋದು ಕಲಿಯಾಕ ರೈಲಿನಾಗ ಹೋಗ್ತೀಯೇನ್ಲೇ? ಹೋಗು ಬೇಟಾ. ಪ್ರಾಕ್ಟಿಕಲ್ ಫೇಲಾದ್ರೆ ಮಾತ್ರ ಅಂಗಡೀಲಿ ಕೂತು ಹತ್ತಿ ತುಂಬು.”

ಹತ್ತಿ ಧೂಳಿಗೆ ನನ್ನ ಮೂಗು ಟೊಮ್ಯಾಟೊ ಆಗುತ್ತದೆ. ಪಾಸಾಗಲೇಬೇಕಿತ್ತು.

ಅಭ್ಯಾಸಕ್ಕೆ ಯಾರಾದರೊಬ್ಬರು ರೋಗಿಯಾಗಿ ಮಲಗಬೇಕು. ಮಲಗುವವನು ನಾನೇ. ಕಿವುಡಜ್ಜ, ಲಕ್ವ ಹೊಡೆದ ಸಾಹುಕಾರ, ಸೊಸೆಯನ್ನು ಬೈಯುವ ಅತ್ತೆ ಎಲ್ಲರನ್ನೂ ಮಾಡಿ ಕ್ಲಾಸನ್ನು ನಗಿಸಿದೆ. ಗೆಳೆಯರು ನನ್ನನ್ನು ಹೊರಳಿಸಿ ಹೊರಳಿಸಿ ಕೆಲಸ ಕಲಿತರು. ನಾನು ಹಾಯಾಗಿ ನಿದ್ದೆಯನ್ನೂ ಮಾಡಿದೆ.

ಪರೀಕ್ಷೆಯ ದಿನ ನನ್ನ ಸರದಿ ಬಂದಾಗ ರೋಗಿಯೇ ಇಲ್ಲ. ಹುಡುಗರೆಲ್ಲ ಗೋಡೆಗೆ ಅಂಟಿಕೊಂಡರು. ಕೋರ್ಸು ಕಲಿಸುವ ಮೇಡಂ ಕನ್ನಡಕ ತೆಗೆದು, ಸೆರಗು ಸಿಕ್ಕಿಸಿ, ತಾವೇ ಮಂಚ ಹತ್ತಿದರು.

“ಬಲಗಡೆ ಸ್ವಾಧೀನ ಇಲ್ಲದ ಅಜ್ಜಿ ನಾನು. ಮಗ್ಗಲು ತಿರುಗಿಸಿ ಚಾದರ ಬದಲಿಸು.”

ಮುಟ್ಟಿದೆನೋ ಇಲ್ಲವೋ, ಅಜ್ಜಿ ನನ್ನದೇ ದನಿಯಲ್ಲಿ, ನನ್ನದೇ ಹುಬ್ಬು ಹಾರಿಸಿ ಶುರುಮಾಡಿದಳು. “ಏನ್ ತಮ್ಮಾ, ಕೈ ಇಷ್ಟ್ ತಣ್ಣಗೈತೆ? ಐಸ್‌ಕ್ರೀಮ್ ಮಾರಿ ಬಂದ್ಯಾ?”

ಅದು ನಾನು ಗೆಳೆಯರಿಗೆ ಹೇಳುತ್ತಿದ್ದ ಮಾತು! ಕ್ಲಾಸು ಬಿದ್ದು ಬಿದ್ದು ನಕ್ಕಿತು. ನನ್ನ ನಾಲಿಗೆಯ ತುದಿಯಲ್ಲೂ ಉತ್ತರ ಕುಣಿಯುತ್ತಿತ್ತು. ಆದರೆ ಮಂಚದ ಅಂಚಿಗೆ ಸರಿಸಿದಷ್ಟೂ ಅಜ್ಜಿಯ ತಮಾಷೆ ಜೋರಾಗುತ್ತಿತ್ತು. ರೋಗಿಯಾಗಿ ಮಲಗಿದಾಗ ನಾನೂ ಹಾಗೇ. ಅಂಚು ಬಂದಾಗಲೆಲ್ಲ ಬೀಳುವ ಭಯಕ್ಕೆ ಬಾಯಿ ಜೋರು ಮಾಡುತ್ತಿದ್ದೆ.

ಉತ್ತರ ನುಂಗಿದೆ. ಅವರು ತಿರುಗಬೇಕಾದ ಕಡೆಗೇ ಬಂದು, ಮಂಚಕ್ಕೆ ಮೊಣಕಾಲು ಒತ್ತಿ ನಿಂತೆ.

“ಅಜ್ಜೀ, ಬೀಳಲ್ಲ. ನಾನು ಈ ಕಡೆನೇ ಅದೀನಿ. ಹೇಳೇ ತಿರುಗಿಸ್ತೀನ್ರಿ.”

ಅಜ್ಜಿ ತಮಾಷೆ ಬಿಟ್ಟು, ಎಡಗೈಯಿಂದ ನನ್ನ ತೋಳು ಹಿಡಿದು ತಿರುಗಿದಳು. ಚಾದರ ಬದಲಾಯಿತು, ಒಂದು ಸುಕ್ಕು ಉಳಿಯಿತು.

ಮೇಡಂ ಎದ್ದು ಕನ್ನಡಕ ಹಾಕಿಕೊಂಡರು. “ಪಾಸು. ನೀನು ಬಾಯಿ ಮುಚ್ಚಿದ್ದು ಇವತ್ತೇ ಮೊದಲು, ಅದಕ್ಕೂ ಮಾರ್ಕ್ಸ್ ಐತೆ.”

“ಮೇಡಂ, ನಾನು ಅಷ್ಟು ಕಿರಿಕಿರಿನಾ?”

“ಕಮ್ಮಿ ಮಾಡಿ ತೋರಿಸೀನಿ.”

ಸಂಜೆ ಸುದ್ದಿ ಕೇಳಿದ್ದೇ ಅಬ್ಬಾ, ಗಿರಾಕಿ ಎದುರಿಗೆ ನಿಂತಿರುವಾಗಲೇ ಹೊಸ ಗಾದಿಯ ಮೇಲೆ ಉರುಳಿ, “ಹಾಯ್ ಅಲ್ಲಾ, ಸೊಂಟ!” ಎಂದು ನರಳತೊಡಗಿದರು. ಒಂದು ಕಣ್ಣು ಮಾತ್ರ ತೆರೆದು, “ಏನ್ ನೋಡ್ತೀಯೋ? ಬಾ, ತಿರುಗಿಸು” ಅಂದರು.

ನನ್ನ ಈ ನಾಟಕದ ವಿದ್ಯೆ ಯಾರಿಂದ ಬಂತೆಂದು ಆಗ ಗೊತ್ತಾಯಿತು. ಗಾದಿಗೆ ಮೊಣಕಾಲು ಒತ್ತಿ ನಿಂತೆ.